ಹಸಿರು ಎಲೆಯನ್ನು ನಂಬಬೇಡಿ: ಬಾರ್ಲಿ ತಾಕಿನ ಪಾಠಗಳು

ನಮ್ಮ ಕಡೆ ಬಾರ್ಲಿ ಎಂದರೆ ಉರಿಮೂತ್ರಕ್ಕೆ ಕುದಿಸಿ ಕುಡಿಯುವ ನೀರು. ಹೊಲದಲ್ಲಿ ನಿಂತ ಬಾರ್ಲಿಯನ್ನು ಕಣ್ಣಾರೆ ಕಂಡ ಕನ್ನಡಿಗರು ಬಹಳ ಕಡಿಮೆ. ನೀಲಗಿರಿಯ ಬಡಗರು ಒಂದು ಕಾಲಕ್ಕೆ ಬೆಳೆಯುತ್ತಿದ್ದರು. ಅದು ಬಿಟ್ಟರೆ ಇದು ಉತ್ತರದ ಬೆಳೆ. ರಾಜಸ್ಥಾನ, ಉತ್ತರ ಪ್ರದೇಶ, ಹರಿಯಾಣ, ಮಧ್ಯಪ್ರದೇಶ, ಹಿಮಾಚಲ ಎಲ್ಲ ಸೇರಿ ಆರು ಲಕ್ಷ ಹೆಕ್ಟೇರ್ ಆಸುಪಾಸು. ಗೋಧಿಯಾದರೆ ಮೂರು ಕೋಟಿ ಹೆಕ್ಟೇರ್ ದಾಟುತ್ತದೆ. ನೀರು ಕಡಿಮೆ ಇರುವ, ಮಣ್ಣು ಸವಳಾದ ಕಡೆ ಬಾರ್ಲಿ ಹಾಕುತ್ತಾರೆ. ಅಂಥ ಹೊಲಕ್ಕೆ ಎರಡು ಸಲ ಶಿಲೀಂಧ್ರನಾಶಕ ಹೊಡೆಯಲು ಯಾವ ರೈತನೂ ದುಡ್ಡು ಹಾಕುವುದಿಲ್ಲ, ಹಾಕಲೂಬಾರದು. ಅವನಿಗೆ ಔಷಧ ಬೀಜದೊಳಗೇ ಇರಬೇಕು.

ಆ ಔಷಧವನ್ನು ಹುಡುಕುವುದು ನನ್ನ ಕಸುಬು. ಧಾರವಾಡದಲ್ಲಿ ಗೋಧಿಯ ತುಕ್ಕು ರೋಗ (ನಮ್ಮ ರೈತರು ಭಂಡಾರ ರೋಗ ಎನ್ನುತ್ತಾರೆ) ಕಲಿತು, ಹೊಟ್ಟೆಪಾಡಿಗೆ ಉತ್ತರಕ್ಕೆ ಹೋಗಿ, ಬಾರ್ಲಿಗೆ ಅಂಟಿಕೊಂಡವನು ನಾನು. ಈಗ ಎಂ.ಎಸ್ಸಿ. ಮುಗಿಸಿ ಬರುವ ಹುಡುಗ ಹುಡುಗಿಯರು ಡಿಎನ್‌ಎ ಕೆಲಸದಲ್ಲಿ ನನಗಿಂತ ಎಷ್ಟೋ ಮುಂದಿದ್ದಾರೆ. ತಾಕಿಗೆ ಇಳಿದಾಗ ಮಾತ್ರ ಎಲ್ಲರೂ ಒಂದೇ ತಪ್ಪು ದಾರಿ ಹಿಡಿಯುತ್ತಾರೆ: ಹಸಿರಾಗಿರುವ ಎಲೆ ಕಂಡ ಕೂಡಲೇ ಅದನ್ನು ನಿರೋಧಕ ತಳಿ ಎಂದು ಬರೆದುಕೊಳ್ಳುತ್ತಾರೆ. ಅವರಿಗೆ ಬದುವಿನ ಮೇಲೆ ನಿಂತು ಹೇಳಿದ ಮಾತುಗಳನ್ನೇ ಇಲ್ಲಿ ಬರೆದಿದ್ದೇನೆ.

1. ಮೊದಲು ರೋಗ ಬೆಳೆಸಲು ಕಲಿಯಿರಿ

ತಾಕಿಗೆ ಬಂದವರನ್ನು ನಾನು ಮೊದಲು ಕರೆದುಕೊಂಡು ಹೋಗುವುದು ಎಲ್ಲಕ್ಕಿಂತ ಕೆಟ್ಟದಾಗಿ ಕಾಣುವ ಸಾಲಿನ ಹತ್ತಿರ. ಅದು ರೋಗಕ್ಕೆ ಸುಲಭವಾಗಿ ತುತ್ತಾಗುವ ತಳಿ, ಬೇಕೆಂದೇ ಬಿತ್ತಿದ್ದು. ತಾಕಿನ ಸುತ್ತಲೂ ಅದಿರಬೇಕು, ನಡುನಡುವೆ ಇಪ್ಪತ್ತು ಸಾಲಿಗೊಮ್ಮೆಯಾದರೂ ಇರಬೇಕು. ಅದರ ಎಲೆಗಳು ಹಳದಿ ಪುಡಿಯಲ್ಲಿ ಮುಚ್ಚಿಹೋಗದಿದ್ದರೆ ಪಕ್ಕದ ಹಸಿರು ಸಾಲಿನ ಬಗ್ಗೆ ಒಂದು ಮಾತನ್ನೂ ಆಡಬಾರದು. ಆ ವರ್ಷದ ಅಂಕಗಳನ್ನು ಬದಿಗಿಟ್ಟು ಮುಂದಿನ ಹಂಗಾಮಿಗೆ ಕಾಯಬೇಕು. ಪ್ರಾಜೆಕ್ಟಿನ ಅವಧಿ ಮುಗಿಯುತ್ತಿದೆ ಎಂಬುದು ಶಿಲೀಂಧ್ರಕ್ಕೆ ಗೊತ್ತಿರುವುದಿಲ್ಲ.

ಒಂದೊಂದು ರೋಗಕ್ಕೆ ಒಂದೊಂದು ಉಪಚಾರ. ತುಕ್ಕಿನ ಶಿಲೀಂಧ್ರ ಜೀವಂತ ಗಿಡದ ಮೇಲಷ್ಟೇ ಬದುಕುತ್ತದೆ. ಅದನ್ನು ಗಾಜಿನ ಮನೆಯಲ್ಲಿ ಸಸಿಯಿಂದ ಸಸಿಗೆ ದಾಟಿಸುತ್ತಾ ವರ್ಷಪೂರ್ತಿ ಸಾಕಬೇಕು. ಹಳದಿ ತುಕ್ಕಿಗೆ ಹತ್ತರಿಂದ ಹದಿನೈದು ಡಿಗ್ರಿಯ ಚಳಿ ಬೇಕು, ರಾತ್ರಿಯೆಲ್ಲಾ ಎಲೆಯ ಮೇಲೆ ಇಬ್ಬನಿ ನಿಲ್ಲಬೇಕು. ಆದ್ದರಿಂದ ಬೀಜಕಣಗಳನ್ನು ನೀರಿನಲ್ಲಿ ಕದಡಿ ಸಿಂಪಡಿಸುವ ಕೆಲಸ ಸಂಜೆಯದು. ಬೆಳಗ್ಗೆ ಸಿಂಪಡಿಸಿದರೆ ಬಿಸಿಲಿಗೆ ಒಣಗಿ ಹೋಗುತ್ತದೆ. ಎಲೆ ಚುಕ್ಕೆ ರೋಗದ ಬೈಪೋಲಾರಿಸ್ ಇದಕ್ಕೆ ಪೂರಾ ಉಲ್ಟಾ. ಅದಕ್ಕೆ ಸೆಕೆ ಬೇಕು, ತೇವ ಬೇಕು, ಇಪ್ಪತ್ತೈದು ಡಿಗ್ರಿಯ ಮೇಲೆ ಅದು ಖುಷಿಯಾಗಿರುತ್ತದೆ. ಬೇಯಿಸಿ ಶುದ್ಧಮಾಡಿದ ಜೋಳದ ಕಾಳಿನ ಮೇಲೆ ಅದನ್ನು ಬೆಳೆಸುತ್ತೇವೆ. ನಮ್ಮ ಜೋಳ ಬಾರ್ಲಿಯ ಲೋಕದಲ್ಲಿ ಶಿಲೀಂಧ್ರಕ್ಕೆ ಊಟವಾಗಿ ಕೆಲಸ ಮಾಡುತ್ತಿದೆ!

ಹೀಗಾಗಿಯೇ ಹಳದಿ ತುಕ್ಕಿನ ಪರೀಕ್ಷೆಗೆ ಕರ್ನಾಲ್, ಕುಲು ಕಣಿವೆಯ ಬಜೌರಾದಂಥ ಜಾಗ. ಎಲೆ ಚುಕ್ಕೆಗೆ ವಾರಾಣಸಿ, ಅಯೋಧ್ಯೆಯ ಕಡೆಯ ಪೂರ್ವ ಬಯಲು. ಒಂದೇ ಊರಿನಲ್ಲಿ ಕುಳಿತು ಎರಡಕ್ಕೂ ತೀರ್ಪು ಕೊಡುತ್ತೇನೆ ಎನ್ನುವವರ ಮಾತು ನಂಬಬೇಡಿ. ಇನ್ನೂ ಒಂದು ವಿಷಯ. ಗೋಧಿಯ ಹಳದಿ ತುಕ್ಕೂ ಬಾರ್ಲಿಯ ಹಳದಿ ತುಕ್ಕೂ ನೋಡಲು ಒಂದೇ, ಶಿಲೀಂಧ್ರದ ಹೆಸರೂ ಒಂದೇ, ಆದರೆ ಒಳರೂಪ ಬೇರೆ. ಪಕ್ಕದ ಗೋಧಿ ಹೊಲ ಹಳದಿಯಾಗಿ ನಿಮ್ಮ ಬಾರ್ಲಿ ಹಸಿರಾಗಿ ನಿಂತಿದ್ದರೆ ಅದು ತಳಿಯ ಗೆಲುವಲ್ಲ. ಅಲ್ಲಿ ಪರೀಕ್ಷೆಯೇ ನಡೆದಿಲ್ಲ.

2. ತಡೆದದ್ದು ಬೇರೆ, ತಪ್ಪಿಸಿಕೊಂಡದ್ದು ಬೇರೆ

ತಡವಾಗಿ ತೆನೆ ಬಿಡುವ ಗಿಡ ಬೇಗ ತೆನೆ ಬಿಟ್ಟ ಗಿಡಕ್ಕಿಂತ ಆರೋಗ್ಯವಾಗಿ ಕಾಣುತ್ತದೆ. ಎತ್ತರದ ಗಿಡದ ಎಲೆ ನೆಲದ ತೇವದಿಂದ ದೂರ. ಇವು ಯಾವುವೂ ನಿರೋಧಕ ಶಕ್ತಿಯಲ್ಲ. ರೋಗ ಬಂದ ದಿನ ಆ ಗಿಡ ಸಿಗಲಿಲ್ಲ, ಅಷ್ಟೇ.

ಇದಕ್ಕೆ ದೊಡ್ಡ ಉದಾಹರಣೆ ಅಮೆರಿಕದ ಮಧ್ಯಪಶ್ಚಿಮದ್ದು. 1990ರ ದಶಕದಲ್ಲಿ ಅಲ್ಲಿ ಫ್ಯುಸೇರಿಯಂ ತೆನೆ ರೋಗ ಬಾರ್ಲಿಯನ್ನು ಹಾಳುಗೆಡವಿತು. ಇಳುವರಿಗಿಂತ ಹೆಚ್ಚಾಗಿ, ಕಾಳಿನಲ್ಲಿ ಡಿಆಕ್ಸಿನಿವಲೆನಾಲ್ ಎಂಬ ವಿಷ ಸೇರಿ ಬಾರ್ಲಿ ಮೊಳೆಸಿ ಮಾಲ್ಟ್ ಮಾಡುವ ಕಂಪನಿಗಳು ಬೆಳೆಯನ್ನು ಬೇಡವೆಂದವು. ಷೆವ್ರಾನ್ ಎಂಬ, ಸ್ವಿಟ್ಜರ್ಲೆಂಡಿನಿಂದ ಬಂದ ಹಳೆಯ ತಳಿಯಲ್ಲಿ ಒಳ್ಳೆಯ ತಡೆಗುಣ ಕಂಡಿತು. ಜೀನ್ ಹುಡುಕುತ್ತಾ ಹೋದವರಿಗೆ ಎರಡನೆಯ ಕ್ರೋಮೋಸೋಮಿನಲ್ಲಿ ಅದು ಸಿಕ್ಕಿತು. ಅದೇ ಜಾಗದಲ್ಲೇ ತೆನೆ ತಡವಾಗಿ ಬರುವ ಗುಣವೂ ಗಿಡದ ಎತ್ತರವೂ ಕುಳಿತಿದ್ದವು. ತೆನೆಯಲ್ಲಿ ಎರಡು ಸಾಲೋ ಆರು ಸಾಲೋ ಎಂದು ತೀರ್ಮಾನಿಸುವ ಜೀನೂ ಅದೇ ಕ್ರೋಮೋಸೋಮಿನದು. ಎರಡು ಸಾಲಿನ ಬಿಡಿ ತೆನೆಯಲ್ಲಿ ತೇವ ಕಡಿಮೆ ನಿಲ್ಲುತ್ತದೆ, ರೋಗವೂ ಕಡಿಮೆ. ಇಷ್ಟರಲ್ಲಿ ಯಾವುದು ನಿಜವಾದ ನಿರೋಧಕತೆ, ಯಾವುದು ತಡವಾಗಿ ಬಂದದ್ದರ ಲಾಭ ಎಂದು ಬಿಡಿಸಲು ಹಲವು ಸಂಶೋಧಕರಿಗೆ ವರ್ಷಗಳೇ ಹಿಡಿದವು.

ರೋಗದ ಅಂಕದ ಪಕ್ಕದಲ್ಲೇ ತೆನೆ ಬಂದ ದಿನಾಂಕ, ಗಿಡದ ಎತ್ತರ ಬರೆಯಿರಿ. ಆ ಎರಡು ಕಾಲಂ ಇಲ್ಲದ ಪುಸ್ತಕವನ್ನು ನಾನು ಓದುವುದಿಲ್ಲ.

3. ಸಸಿಯ ಮಾತು ಒಂದು, ಗಿಡದ ಮಾತು ಇನ್ನೊಂದು

ಶಿಮ್ಲಾದ ಫ್ಲವರ್‌ಡೇಲ್ ಎಂಬ ಹಳೆಯ ಬಂಗಲೆಯಲ್ಲಿ ದೇಶದ ತುಕ್ಕಿನ ರೇಸ್‌ಗಳನ್ನು (ರೇಸ್ ಎಂದರೆ ಒಂದೇ ಶಿಲೀಂಧ್ರದ ಬೇರೆ ಬೇರೆ ಒಳಬಗೆ) ಸಾಕುತ್ತಾರೆ. ಆಗ್ರಾ ಕಾಲೇಜಿನ ಪ್ರೊ. ಕೆ.ಸಿ. ಮೆಹ್ತಾ 1930ರ ದಶಕದಲ್ಲಿ ಶಿಮ್ಲಾದಲ್ಲಿ ಹಾಕಿಕೊಟ್ಟ ದಾರಿ ಇದು. ತುಕ್ಕು ಬೇಸಿಗೆಯನ್ನು ಬೆಟ್ಟಗಳಲ್ಲಿ ಕಳೆದು ಚಳಿಗಾಲಕ್ಕೆ ಬಯಲಿಗೆ ಇಳಿಯುತ್ತದೆ ಎಂದು ತೋರಿಸಿದವರೂ ಅವರೇ. ದಕ್ಷಿಣಕ್ಕೆ ಆ ಬೆಟ್ಟ ನೀಲಗಿರಿ. ಕರ್ನಾಟಕದ ಗೋಧಿಗೆ ಬರುವ ಕಾಂಡದ ತುಕ್ಕು ನವೆಂಬರಿನ ಚಂಡಮಾರುತದ ಗಾಳಿ ಏರಿ ಅಲ್ಲಿಂದ ಬರುತ್ತದೆ.

ಫ್ಲವರ್‌ಡೇಲ್‌ನಲ್ಲಿ ವಾರದ ಸಸಿಗೆ ಒಂದೊಂದೇ ರೇಸ್ ಹಚ್ಚಿ, ಹದಿನೈದು ದಿನ ಬಿಟ್ಟು ಸೊನ್ನೆಯಿಂದ ನಾಲ್ಕರವರೆಗೆ ಅಂಕ ಕೊಡುತ್ತಾರೆ. ಸೊನ್ನೆ ಎಂದರೆ ಏನೂ ಇಲ್ಲ, ನಾಲ್ಕೆಂದರೆ ಯಾವ ತಡೆಯೂ ಇಲ್ಲದ ದೊಡ್ಡ ತುಕ್ಕಿನ ಗುಳ್ಳೆಗಳು. ಯಾವ ಜೀನ್ ಯಾವ ರೇಸನ್ನು ತಡೆಯುತ್ತದೆ ಎಂದು ತಿಳಿಯಲು ಇದಕ್ಕಿಂತ ಶುದ್ಧವಾದ ವಿಧಾನವಿಲ್ಲ. ಆದರೆ ಇಲ್ಲಿ ಸೋತ ತಳಿಯನ್ನು ಕಸಕ್ಕೆ ಎಸೆಯಬೇಡಿ. ಕೆಲವು ತಳಿಗಳು ಸಸಿಯಲ್ಲಿ ಪೂರ್ತಿ ತುಕ್ಕು ಹಿಡಿದು, ದೊಡ್ಡದಾದ ಮೇಲೆ ರೋಗವನ್ನು ನಿಧಾನ ಮಾಡುತ್ತವೆ. ಎಲೆ ತುಕ್ಕಿನ ಆರ್‌ಪಿಎಚ್-20 ಎಂಬ ಜೀನ್ ಅಂಥದ್ದು. ಸಸಿ ಪರೀಕ್ಷೆಯಷ್ಟೇ ಮಾಡಿದ್ದರೆ ಅದು ಯಾರ ಕೈಗೂ ಸಿಗುತ್ತಿರಲಿಲ್ಲ.

ಇಂಥ ತಳಿ ತಾಕಿನಲ್ಲಿ ಚೆಲುವಾಗಿ ಕಾಣುವುದಿಲ್ಲ. ಎಲೆಯ ಮೇಲೆ ಅಲ್ಲಲ್ಲಿ ತುಕ್ಕು, ಸುತ್ತ ಹಳದಿ. ಒಮ್ಮೆ ನೋಡಿ ಹೋದರೆ ತಿರಸ್ಕರಿಸುತ್ತೀರಿ. ವಾರಕ್ಕೊಮ್ಮೆ ಹೋಗಿ ಅಂಕ ಬರೆದು, ರೋಗ ಏರಿದ ಗೆರೆಯ ಕೆಳಗಿನ ವಿಸ್ತೀರ್ಣವನ್ನು ಲೆಕ್ಕ ಹಾಕಿದರೆ ಗೊತ್ತಾಗುತ್ತದೆ: ಪಕ್ಕದ ಸಾಲು ಮೂರು ವಾರದಲ್ಲಿ ಮುಳುಗಿತು, ಇದು ಕೊಯ್ಲಿನವರೆಗೂ ಉಸಿರಾಡಿತು. ನನ್ನ ತಾಕಿನಲ್ಲಿ ಕೆಂಪು ಲೇಬಲ್ ಕಟ್ಟುವುದು ಇಂಥ ಸಾಲಿಗೆ, ನಯವಾದ ಹಸಿರಿಗಲ್ಲ.

ಉಷ್ಣತೆಯನ್ನೂ ಮರೆಯಬೇಡಿ. ಕಾಂಡದ ತುಕ್ಕು ತಡೆಯುವ ಆರ್‌ಪಿಜಿ-4 ಎಂಬ ಜೀನ್ ಇಪ್ಪತ್ತು ಡಿಗ್ರಿಯ ಒಳಗೆ ಚೆನ್ನಾಗಿ ಕೆಲಸ ಮಾಡುತ್ತದೆ, ಇಪ್ಪತ್ತೇಳು ಡಿಗ್ರಿಗೆ ಕೈ ಕೊಡುತ್ತದೆ. ಎಸಿ ಕೆಟ್ಟ ಗಾಜಿನ ಮನೆಯಲ್ಲಿ ಅದರ ಮೇಲೆ ಪರೀಕ್ಷೆ ಮಾಡಿದವನು ಜೀನನ್ನು ಬಯ್ಯುತ್ತಾನೆ.

4. ಅಂಕ ಕೊಡುವವರು ಒಬ್ಬರೇ ಇರಲಿ

ಹೊಲದಲ್ಲಿ ತುಕ್ಕನ್ನು 40ಎಸ್, 20ಎಂಆರ್ ಎಂದು ಬರೆಯುತ್ತೇವೆ: ಮೊದಲ ಸಂಖ್ಯೆ ಎಲೆಯ ಎಷ್ಟು ಭಾಗ ಮುಚ್ಚಿದೆ ಎಂಬುದು, ಅಕ್ಷರ ಗಿಡ ಹೇಗೆ ಪ್ರತಿಕ್ರಿಯಿಸಿತು ಎಂಬುದು (ಎಸ್ ಎಂದರೆ ಪೂರ್ತಿ ತುತ್ತಾದದ್ದು, ಆರ್ ಎಂದರೆ ತಡೆದದ್ದು, ಎಂಎಸ್, ಎಂಆರ್ ನಡುವಿನವು). ಲೆಕ್ಕಕ್ಕೆ ಆ ಸಂಖ್ಯೆಯನ್ನು ಎಸ್ ಆದರೆ ಪೂರ್ತಿ ಒಂದರಿಂದ ಗುಣಿಸಿ, ಎಂಎಸ್‌ಗೆ 0.8, ಎಂಆರ್‌ಗೆ 0.4, ಆರ್‌ಗೆ 0.2. ಒಬ್ಬರ 40 ಇನ್ನೊಬ್ಬರ 60 ಆಗಿರುತ್ತದೆ. ಹಾಗಾಗಿ ಒಂದು ತಾಕಿಗೆ ಒಬ್ಬರೇ, ಒಂದೇ ಹೊತ್ತಿನಲ್ಲಿ, ಸೂರ್ಯ ಬೆನ್ನ ಹಿಂದೆ ಇರುವಂತೆ ನಿಂತು ಬರೆಯಬೇಕು. ತಳಿಯ ಹೆಸರು ಕಾಣದಂತೆ ನಂಬರು ಹಾಕಿ. ತಾನೇ ಕ್ರಾಸ್ ಮಾಡಿದ ಗಿಡಕ್ಕೆ ತಾನೇ ಅಂಕ ಕೊಡುವಾಗ ಯಾರ ಕೈಯಾದರೂ ಸ್ವಲ್ಪ ಮೆತ್ತಗಾಗುತ್ತದೆ.

5. ಯಾವ ರೇಸ್ ಎದುರು ಗೆದ್ದಿತು ಎಂದು ಕೇಳಿ

ನಿರೋಧಕ ತಳಿ ಎಂಬ ಮಾತು ಅರ್ಧ ವಾಕ್ಯ. ಯಾವ ಶಿಲೀಂಧ್ರದ ಯಾವ ರೇಸಿಗೆ ಎಂದು ಹೇಳಿದಾಗಲೇ ಅದು ಪೂರ್ತಿಯಾಗುವುದು. ಎಚ್.ಎಚ್. ಫ್ಲೋರ್ ಎಂಬವರು 1940ರ ದಶಕದಲ್ಲಿ ಅಮೆರಿಕದ ಉತ್ತರ ಡಕೋಟಾದಲ್ಲಿ ಅಗಸೆಯ ತುಕ್ಕಿನ ಮೇಲೆ ಕೆಲಸ ಮಾಡಿ, ಗಿಡದ ಪ್ರತಿಯೊಂದು ನಿರೋಧಕ ಜೀನಿಗೂ ಶಿಲೀಂಧ್ರದಲ್ಲಿ ಒಂದು ಜೋಡಿ ಜೀನ್ ಇರುತ್ತದೆ ಎಂದು ತೋರಿಸಿದರು. ಶಿಲೀಂಧ್ರ ತನ್ನ ಆ ಒಂದು ಜೀನನ್ನು ಬದಲಿಸಿಕೊಂಡರೆ ಸಾಕು, ಗಿಡದ ಕಾವಲು ಕುರುಡಾಗುತ್ತದೆ.

ಅದೇ ಉತ್ತರ ಡಕೋಟಾದ ಬಾರ್ಲಿಯ ಕಥೆ ನನಗೆ ಬಹಳ ಇಷ್ಟ. 1935ರಲ್ಲಿ ಅಲ್ಲಿ ಕಾಂಡದ ತುಕ್ಕು ಹೊಲಗಳನ್ನು ಮಲಗಿಸಿಬಿಟ್ಟಿತು. ಕಿಂಡ್ರೆಡ್ ಎಂಬ ಊರಿನ ರೈತ ಸ್ಯಾಮ್ ಲಿಕ್ಕನ್ ತನ್ನ ಹಾಳಾದ ಹೊಲದಲ್ಲಿ ಒಂದೇ ಒಂದು ಹಸಿರು ಗಿಡ ಕಂಡರು. ಅದರ ಬೀಜ ಕಟ್ಟಿಟ್ಟು, ಬಿತ್ತಿ, ಹೆಚ್ಚಿಸಿದರು. 1942ರ ಹೊತ್ತಿಗೆ ಅದು ಕಿಂಡ್ರೆಡ್ ಎಂಬ ತಳಿಯಾಗಿ ಹರಡಿತು. ಅದರೊಳಗಿದ್ದದ್ದು ಆರ್‌ಪಿಜಿ-1 ಎಂಬ ಜೀನ್. ಮೇಲೆ ಹೇಳಿದ ಷೆವ್ರಾನ್‌ನಲ್ಲಿ ಇದ್ದದ್ದೂ ಅದೇ. ಅರ್ಧ ಶತಮಾನ ಆ ಒಂದು ಜೀನ್ ಅಮೆರಿಕದ ಬಯಲಿನ ಬಾರ್ಲಿಯನ್ನು ಕಾಂಡದ ತುಕ್ಕಿನಿಂದ ಕಾಪಾಡಿತು. ವಾಷಿಂಗ್ಟನ್ ಸ್ಟೇಟ್ ವಿಶ್ವವಿದ್ಯಾಲಯದವರು 2002ರಲ್ಲಿ ಅದನ್ನು ಬೇರ್ಪಡಿಸಿ ಓದಿದರು.

ರೋಗ ಮುಳುಗಿಸಿದ ಹೊಲದಲ್ಲಿ ಉಳಿದ ಒಂಟಿ ಹಸಿರು ಗಿಡವನ್ನು ನಂಬಬಹುದು, ಯಾಕೆಂದರೆ ಅದರ ಸುತ್ತ ಪರೀಕ್ಷೆ ನಡೆದಿದೆ. ರೋಗವೇ ಬಾರದ ಹೊಲದ ಹಸಿರನ್ನು ನಂಬಬಾರದು. ಲಿಕ್ಕನ್ ತನ್ನ ಹೊಲದಲ್ಲೇ ಇದನ್ನು ಅರಿತಿದ್ದರು.

ಆದರೆ ಐವತ್ತು ವರ್ಷವೂ ಶಾಶ್ವತವಲ್ಲ. 1989ರಲ್ಲಿ ಕ್ಯುಸಿಸಿ ಎಂಬ ರೇಸ್ ಕಾಣಿಸಿಕೊಂಡು ಆರ್‌ಪಿಜಿ-1 ಅನ್ನು ದಾಟಿತು. ಅದಕ್ಕೆ ಉತ್ತರ ಹುಡುಕುವಾಗ ಸಿಕ್ಕಿದ್ದೇ ಆರ್‌ಪಿಜಿ-4 ಇರುವ ಕ್ಯು-21861 ಎಂಬ ಸಾಲು. ಮುಂದೆ ಉಗಾಂಡಾದಲ್ಲಿ ಯುಜಿ-99 ಎಂಬ ಕಾಂಡದ ತುಕ್ಕಿನ ರೇಸ್ ಹುಟ್ಟಿ ಜಗತ್ತಿನ ಗೋಧಿಯ ಜೊತೆಗೆ ಬಹುಪಾಲು ಬಾರ್ಲಿಯನ್ನೂ ಹೆದರಿಸಿದಾಗ, ಅದನ್ನು ತಡೆದ ಕೆಲವೇ ಮೂಲಗಳಲ್ಲಿ ಈ ಕ್ಯು-21861 ಕೂಡ ಒಂದು. ಒಂದು ರೇಸಿಗಾಗಿ ಹುಡುಕಿದ್ದು ಇನ್ನೊಂದಕ್ಕೆ ಉಪಯೋಗಕ್ಕೆ ಬಂತು. ಇಂಥ ಅದೃಷ್ಟ ಹುಡುಕುತ್ತಿರುವವರಿಗೆ ಮಾತ್ರ ಸಿಗುತ್ತದೆ.

ರೇಸ್‌ಗಳಿಗೆ ಪಾಸ್‌ಪೋರ್ಟ್ ಬೇಕಿಲ್ಲ ಎಂಬುದಕ್ಕೂ ಬಾರ್ಲಿಯೇ ಸಾಕ್ಷಿ. ಯುರೋಪಿನ 24 ಎಂಬ ಹಳದಿ ತುಕ್ಕಿನ ರೇಸ್ 1975ರಲ್ಲಿ ಕೊಲಂಬಿಯಾದ ಬೊಗೊಟಾ ಬಳಿ ಕಾಣಿಸಿತು. ಅಲ್ಲಿಂದ ಆಂಡಿಸ್ ಉದ್ದಕ್ಕೂ ಹಬ್ಬಿತು. 1987ಕ್ಕೆ ಮೆಕ್ಸಿಕೊ, 1991ಕ್ಕೆ ಟೆಕ್ಸಾಸ್. ಅಮೆರಿಕದವರಿಗೆ ಅದು ತಮ್ಮತ್ತ ಬರುತ್ತಿರುವುದು ಮೊದಲೇ ಗೊತ್ತಿತ್ತು. ತಮ್ಮ ತಳಿಗಳನ್ನು ಬೊಲಿವಿಯಾದ ಹೊಲಗಳಿಗೆ ಕಳುಹಿಸಿ ಪರೀಕ್ಷಿಸಿಕೊಂಡರು. ಇದು ಬುದ್ಧಿವಂತರ ಕೆಲಸ: ರೋಗ ಮನೆಗೆ ಬರುವ ಮೊದಲು ತಳಿಯನ್ನೇ ರೋಗದ ಮನೆಗೆ ಕಳುಹಿಸುವುದು.

6. ಪರಿಪೂರ್ಣ ಜೀನಿಗೂ ಬೆಲೆ ಇದೆ

ಬಾರ್ಲಿಯ ಬೂದಿ ರೋಗ ತಡೆಯುವ ಎರಡು ಬಗೆಯ ಜೀನ್‌ಗಳ ಕಥೆ ಹೇಳದೆ ಮುಂದೆ ಹೋಗಲಾರೆ. ಮೊದಲನೆಯದು ಎಂಎಲ್ಎ ಗುಂಪು. ಒಂದನೆಯ ಕ್ರೋಮೋಸೋಮಿನ ಒಂದೇ ಜಾಗದಲ್ಲಿ ಮೂವತ್ತರಷ್ಟು ರೂಪಗಳು. ಪ್ರತಿಯೊಂದೂ ಕೆಲವು ರೇಸ್‌ಗಳನ್ನು ಅದ್ಭುತವಾಗಿ ತಡೆಯುತ್ತದೆ, ಎಲೆಯ ಮೇಲೆ ಒಂದು ಚುಕ್ಕೆಯೂ ಇರುವುದಿಲ್ಲ. ಯುರೋಪಿನಲ್ಲಿ ಒಂದಾದ ಮೇಲೊಂದನ್ನು ತಳಿಗಳಿಗೆ ಹಾಕಿದರು. ಎಂಎಲ್ಎ-13 ಬಂತು, ಬಹಳ ಜನಪ್ರಿಯವಾಯಿತು, ಕೆಲವೇ ವರ್ಷಗಳಲ್ಲಿ ಬೂದಿ ರೋಗ ಅದನ್ನೂ ದಾಟಿತು. ಹಸಿರು ಎಲೆಯ ಮೋಹಕ್ಕೆ ಒಂದು ಖಂಡವೇ ಸಿಕ್ಕಿಬಿದ್ದ ಕಾಲ ಅದು.

ಎರಡನೆಯದು ಎಂಎಲ್ಓ. ಜರ್ಮನಿಯ ಹಾಲೆಯಲ್ಲಿ ಫ್ರೈಸ್‌ಲೇಬನ್ ಮತ್ತು ಲೈನ್ ಎಂಬವರು ಹೈಸಾ ಎಂಬ ತಳಿಯ ಬೀಜಕ್ಕೆ ಎಕ್ಸ್‌ರೇ ಹಾಯಿಸಿ, 1942ರಲ್ಲಿ ಬೂದಿ ರೋಗವೇ ಬಾರದ ಗಿಡವೊಂದನ್ನು ವರದಿ ಮಾಡಿದರು. ಯಾವ ರೇಸಿನಿಂದಲೂ ಬಾರದು! ಇತ್ತ 1937-38ರಲ್ಲಿ ಜರ್ಮನ್ನರು ಇಥಿಯೋಪಿಯಾದಿಂದ ತಂದ ನಾಟಿ ಬಾರ್ಲಿಗಳಲ್ಲೂ ಇದೇ ಗುಣ ಸಹಜವಾಗಿ ಇದ್ದದ್ದು ಆಮೇಲೆ ತಿಳಿಯಿತು. ಡೆನ್ಮಾರ್ಕಿನ ರೀಸೋದಲ್ಲಿ ಯೋರ್ಗೆನ್ಸನ್ ಎಂಬವರು ದಶಕಗಳ ಕಾಲ ಈ ಎರಡೂ ಮೂಲಗಳನ್ನು ಒಟ್ಟಿಗೆ ಓದಿದರು.

ಜೀನನ್ನು 1997ರಲ್ಲಿ ಬ್ರಿಟನ್ನಿನ ನಾರ್ವಿಚ್‌ನಲ್ಲಿ ಬೇರ್ಪಡಿಸಿದಾಗ ವಿಚಿತ್ರ ಗೊತ್ತಾಯಿತು. ಇಲ್ಲಿ ಗಿಡಕ್ಕೆ ಹೊಸ ಆಯುಧವೇನೂ ಬಂದಿಲ್ಲ. ಇದ್ದ ಒಂದು ಜೀನ್ ಕೆಟ್ಟಿದೆ. ಸರಿಯಿದ್ದಾಗ ಆ ಜೀನ್ ಮನೆಯೊಳಗೇ ಇದ್ದು ಕಳ್ಳನಿಗೆ ಚಿಲಕ ತೆಗೆದುಕೊಡುವ ಆಳಿನಂತೆ ವರ್ತಿಸುತ್ತದೆ. ಅದು ಕೆಟ್ಟರೆ ಬೂದಿಯ ಶಿಲೀಂಧ್ರ ಜೀವಕೋಶದ ಗೋಡೆಯ ಹೊರಗೇ ನಿಲ್ಲುತ್ತದೆ. ಶಿಲೀಂಧ್ರ ತನ್ನ ಒಂದು ಜೀನನ್ನು ಬದಲಿಸಿಕೊಂಡು ಇದನ್ನು ಗೆಲ್ಲಲು ಆಗುವುದಿಲ್ಲ. ಇಥಿಯೋಪಿಯಾದ ರೂಪವನ್ನು ಹೊತ್ತ ಆಟೆಮ್ ಎಂಬ ತಳಿ 1979ರಲ್ಲಿ ನೆದರ್ಲೆಂಡ್ಸ್‌ನಲ್ಲಿ ಬಿಡುಗಡೆಯಾಯಿತು. ಅಂದಿನಿಂದ ಯುರೋಪಿನ ವಸಂತ ಬಾರ್ಲಿಯ ಬಹುಪಾಲು ಈ ಗುಣವನ್ನು ನೆಚ್ಚಿಕೊಂಡಿದೆ, ಅದು ಇನ್ನೂ ನಿಂತಿದೆ.

ಹಾಗಾದರೆ ಇದನ್ನೇ ಎಲ್ಲಕ್ಕೂ ಹಾಕಬಾರದೇಕೆ ಎಂದು ಪ್ರತಿ ಬ್ಯಾಚಿನಲ್ಲೂ ಒಬ್ಬರಾದರೂ ಕೇಳುತ್ತಾರೆ. ಎಂಎಲ್ಓ ಗಿಡದ ಎಲೆಯ ಮೇಲೆ ರೋಗವಿಲ್ಲದೆಯೇ ಸಣ್ಣ ಸತ್ತ ಚುಕ್ಕೆಗಳು ಏಳುತ್ತವೆ. ಆರಂಭದ ಸಾಲುಗಳಲ್ಲಿ ಇಳುವರಿ ಕುಸಿಯುತ್ತಿತ್ತು. ಅದನ್ನು ಸರಿಪಡಿಸಿ ಒಳ್ಳೆಯ ಹಿನ್ನೆಲೆಗೆ ಕೂರಿಸಲು ತಳಿ ಅಭಿವೃದ್ಧಿಯವರಿಗೆ ದಶಕಗಳೇ ಬೇಕಾದವು. ಮೇಲಾಗಿ ಬೂದಿಯ ಶಿಲೀಂಧ್ರ ಜೀವಂತ ಕೋಶವನ್ನು ಉಂಡು ಬದುಕುವಂಥದ್ದು. ಕೋಶವನ್ನು ಕೊಂದು ತಿನ್ನುವ ಬೇರೆ ಶಿಲೀಂಧ್ರಗಳಿಗೆ ಇದೇ ಗಿಡ ಹೆಚ್ಚು ಸುಲಭದ ತುತ್ತಾಗಬಹುದು. ರಾಮುಲೇರಿಯಾ ಎಲೆ ಚುಕ್ಕೆಯ ವಿಷಯದಲ್ಲಿ ಬ್ರಿಟನ್ನಿನ ಸಂಶೋಧಕರು 2014ರಲ್ಲಿ ಇದನ್ನು ತೋರಿಸಿದರು. ನಮ್ಮ ಪೂರ್ವ ಬಯಲಿನ ದೊಡ್ಡ ಶತ್ರು ಬೈಪೋಲಾರಿಸ್ ಕೂಡ ಕೊಂದು ತಿನ್ನುವ ಜಾತಿಯದೇ. ವಾರಾಣಸಿಯ ಹೊಲಕ್ಕೆ ಎಂಎಲ್ಓ ಒಯ್ಯುವ ಉತ್ಸಾಹ ಯಾರಿಗಾದರೂ ಬಂದರೆ ಮೊದಲು ಅದನ್ನು ಎಲೆ ಚುಕ್ಕೆಯ ಎದುರು ಎರಡು ಹಂಗಾಮು ನಿಲ್ಲಿಸಿ ನೋಡಲಿ.

ಒಂದು ರೋಗಕ್ಕೆ ಸಿಕ್ಕ ಜೀನನ್ನು ಉಳಿದ ರೋಗಗಳ ಎದುರೂ ನಿಲ್ಲಿಸಿ ನೋಡುವವರೆಗೆ ನಿಮ್ಮ ಕೆಲಸ ಮುಗಿದಿಲ್ಲ. ಗೋಧಿಯಲ್ಲಿ ಬೀಜಿಂಗಿನ ಗಾವ್ ತ್ಸೈಶಿಯಾ ಅವರ ತಂಡ 2014ರಲ್ಲಿ ಇದೇ ಜೀನಿನ ಮೂರೂ ಪ್ರತಿಗಳನ್ನು ಕತ್ತರಿಸಿ ಬೂದಿ ರೋಗ ತಡೆಯಿತು. ಬೆಳವಣಿಗೆ ಕುಂಠಿತವಾಗದಂತೆ ಅದನ್ನು ಸಾಧಿಸುವ ದಾರಿ 2022ರಲ್ಲಷ್ಟೇ ಸಿಕ್ಕಿತು. ಬಾರ್ಲಿಯವರು ಹೊಲದಲ್ಲಿ ಕಲಿತ ಪಾಠವನ್ನು ಗೋಧಿಯವರು ಲ್ಯಾಬಿನಲ್ಲಿ ಮತ್ತೊಮ್ಮೆ ಕಲಿತರು.

7. ಹಳೆಯ ಬೀಜದ ಚೀಲದಲ್ಲಿ ಒಂದೇ ತಳಿ ಇರುವುದಿಲ್ಲ

ಹೊಸ ಜೀನ್ ಬೇಕೆಂದರೆ ಹಳೆಯ ಬೀಜದ ಹತ್ತಿರ ಹೋಗಬೇಕು. ಇಥಿಯೋಪಿಯಾಕ್ಕೆ 1923ರಲ್ಲಿ ಅಮೆರಿಕದ ಹ್ಯಾರಿ ಹಾರ್ಲನ್, 1927ರಲ್ಲಿ ರಷ್ಯಾದ ವ್ಯಾವಿಲೊವ್ ಹೋಗಿದ್ದು ಸುಮ್ಮನೆ ಅಲ್ಲ. ಸಿರಿಯಾದ ಅಲೆಪ್ಪೊ ಬಳಿ ಇದ್ದ ಇಕಾರ್ಡಾ ಸಂಸ್ಥೆಯ ಜೀನ್ ಬ್ಯಾಂಕ್ ಯುದ್ಧಕ್ಕೆ ಸಿಕ್ಕಾಗ, ಮೊದಲೇ ನಾರ್ವೆಯ ಸ್ವಾಲ್‌ಬಾರ್ಡ್ ಭಂಡಾರದಲ್ಲಿ ಇಟ್ಟಿದ್ದ ನಕಲು ಬೀಜಗಳನ್ನು 2015ರಿಂದ ಹೊರತೆಗೆದು ಲೆಬನಾನ್ ಮತ್ತು ಮೊರಾಕೊದಲ್ಲಿ ಮತ್ತೆ ಬೆಳೆಸಿದರು. ಆ ಭಂಡಾರದಿಂದ ಯಾರಾದರೂ ಬೀಜ ವಾಪಸು ತೆಗೆದದ್ದು ಅದೇ ಮೊದಲು. ಅದರಲ್ಲಿ ಬಾರ್ಲಿಯೂ ಇತ್ತು.

ಕೆಲಸಕ್ಕೆ ಬರುವ ಮಾತು ಇಷ್ಟು: ಜೀನ್ ಬ್ಯಾಂಕಿನಿಂದ ಬಂದ ನಾಟಿ ತಳಿಯ ಪೊಟ್ಟಣದಲ್ಲಿ ಹಲವು ಬಗೆಯ ಗಿಡಗಳಿರುತ್ತವೆ. ಹತ್ತು ಗಿಡದಲ್ಲಿ ಎರಡು ತುಕ್ಕು ತಡೆದರೆ ಸರಾಸರಿ ತೆಗೆದು ಸಾಧಾರಣ ಎಂದು ಬರೆಯುವುದು ಮೂರ್ಖತನ. ಆ ಎರಡು ಗಿಡಗಳಿಗೆ ಚೀಟಿ ಕಟ್ಟಿ, ಒಂದೊಂದರ ಬೀಜ ಬೇರೆ ಬೇರೆ ತೆಗೆದು ಮುಂದಿನ ವರ್ಷ ಸಾಲು ಸಾಲಾಗಿ ಬಿತ್ತಿ. ಅಲ್ಲಿಂದ ಪರೀಕ್ಷೆ ಶುರು.

ಕಾಡು ಬಾರ್ಲಿಯೂ ಧಾರಾಳ ಕೊಡುತ್ತದೆ, ಸಂಗಡ ತೆನೆ ಉದುರುವ ಗುಣವನ್ನೂ ತರುತ್ತದೆ. ಇನ್ನೂ ದೂರದ ಸಂಬಂಧಿ ಹಾರ್ಡಿಯಂ ಬಲ್ಬೋಸಂ ಎಂಬ ಗೆಡ್ಡೆಯ ಬಾರ್ಲಿ. ನ್ಯೂಜಿಲೆಂಡಿನ ಲಿಂಕನ್‌ನಲ್ಲಿ ಅದರಿಂದ ತುಕ್ಕು, ಬೂದಿ ತಡೆಯುವ ತುಣುಕುಗಳನ್ನು ಬಾರ್ಲಿಗೆ ದಾಟಿಸಿದ್ದಾರೆ. ತಮಾಷೆಯೆಂದರೆ ಈ ಕ್ರಾಸಿನಲ್ಲಿ ಬಹಳ ಸಲ ಬಲ್ಬೋಸಂನ ಕ್ರೋಮೋಸೋಮುಗಳೆಲ್ಲ ಉದುರಿಹೋಗಿ ಬಾರ್ಲಿಯ ಅರ್ಧ ಪಾಲು ಮಾತ್ರ ಉಳಿಯುತ್ತದೆ. ಕಾಶಾ ಮತ್ತು ಕಾವ್ 1970ರಲ್ಲಿ ಇದನ್ನೇ ಉಪಯೋಗಿಸಿ, ಒಂದೇ ಹೆಜ್ಜೆಯಲ್ಲಿ ಶುದ್ಧ ಸಾಲು ಪಡೆಯುವ ದಾರಿ ತೋರಿಸಿದರು.

8. ಮಾರ್ಕರ್ ಎಂಬುದು ನಿಮ್ಮ ಹೊಲದ ಪುಸ್ತಕದಷ್ಟೇ ಚೆನ್ನ

ಬಾರ್ಲಿ ಜೀನ್ ಹುಡುಕುವವನಿಗೆ ಗೋಧಿಗಿಂತ ದಯಾಳು. ಏಳು ಜೋಡಿ ಕ್ರೋಮೋಸೋಮು, ತನಗೆ ತಾನೇ ಪರಾಗ ಸೇರಿಸಿಕೊಳ್ಳುವ ಹೂವು. ಮೋರೆಕ್ಸ್ ಎಂಬ ಅಮೆರಿಕದ ಮಾಲ್ಟ್ ತಳಿಯ ಪೂರ್ಣ ಜೀನೋಮು 2017ರಲ್ಲಿ ಬಂತು, ಇಪ್ಪತ್ತು ತಳಿಗಳದ್ದು 2020ರಲ್ಲಿ. ಚಿಪ್ ಮೇಲೆ ಐವತ್ತು ಸಾವಿರ ಡಿಎನ್‌ಎ ಗುರುತುಗಳನ್ನು (ಇವೇ ಮಾರ್ಕರ್) ಒಮ್ಮೆಗೇ ಓದಬಹುದು. ಇಷ್ಟೆಲ್ಲ ಇದ್ದೂ ಕ್ರಾಸಿನ ಎರಡನೆಯ ತಲೆಮಾರಿನಲ್ಲಿ ನಿರೋಧಕ ಮತ್ತು ರೋಗದ ಗಿಡಗಳ ಮೂರಕ್ಕೆ ಒಂದರ ಲೆಕ್ಕ ಕೂಡಿಬರದೆ ಒದ್ದಾಡುವವರನ್ನು ನೋಡುತ್ತೇನೆ. ಹೆಚ್ಚಿನ ಸಲ ತಪ್ಪು ಮೆಂಡೆಲನದಲ್ಲ. ರೋಗ ತಾಕಿನ ಒಂದು ಮೂಲೆಗೆ ಸರಿಯಾಗಿ ತಲುಪಿರುವುದಿಲ್ಲ. ಒಂದೇ ಗಿಡದ ಮೇಲೆ ತೀರ್ಪು ಕೊಡದೆ ಮೂರನೆಯ ತಲೆಮಾರಿನ ಕುಟುಂಬ ಬಿತ್ತಿ ನೋಡಿ.

ಸಿಕ್ಕ ಜೀನ್ ಹೊಸದೆಂದು ಘೋಷಿಸುವ ಮೊದಲು ಹಳೆಯ ನಿರೋಧಕ ತಳಿಯ ಜೊತೆ ಕ್ರಾಸ್ ಮಾಡಿ. ಎರಡನೆಯ ತಲೆಮಾರಿನ ನೂರಾರು ಗಿಡಗಳಲ್ಲಿ ರೋಗ ಬಂದ ಗಿಡ ಒಂದೂ ಇಲ್ಲದಿದ್ದರೆ ನಿಮಗೆ ಸಿಕ್ಕಿದ್ದು ಹಳೆಯ ಜೀನೇ, ಅಥವಾ ಅದರ ಪಕ್ಕದ ಮನೆಯದು. ಸಮಯ ಉಳಿಸಲು ಲಾಹೌಲ್ ಕಣಿವೆಯ ದಾಲಂಗ್ ಮೈದಾನ್ ಇದೆ. ಚಳಿಗಾಲದ ಬೆಳೆ ಬಯಲಿನಲ್ಲಿ ಕೊಯ್ದು ಬೇಸಿಗೆಯಲ್ಲಿ ಅಲ್ಲಿ ಬಿತ್ತಿದರೆ ವರ್ಷಕ್ಕೆ ಎರಡು ತಲೆಮಾರು.

9. ಬೀಜ ಕೊಳ್ಳುವವರನ್ನು ಮರೆಯಬೇಡಿ

ಒಂದೇ ಜೀನನ್ನು ಎಲ್ಲ ಹೊಲಕ್ಕೂ ಹಾಕದೆ, ಬೇರೆ ಬೇರೆ ಜೀನಿರುವ ಮೂರ್ನಾಲ್ಕು ತಳಿಗಳನ್ನು ಬೆರೆಸಿ ಬಿತ್ತಿದರೆ ಶಿಲೀಂಧ್ರಕ್ಕೆ ಗಿಡದಿಂದ ಗಿಡಕ್ಕೆ ದಾಟುವುದೇ ಕಷ್ಟ. ಕೇಂಬ್ರಿಜ್‌ನ ಮಾರ್ಟಿನ್ ವುಲ್ಫ್ ಇದರ ದೊಡ್ಡ ವಕೀಲರಾಗಿದ್ದರು. ಪೂರ್ವ ಜರ್ಮನಿ 1984ರಿಂದ ಇದನ್ನು ದೇಶದ ಮಟ್ಟದಲ್ಲಿ ಮಾಡಿತು. 1990ರ ಹೊತ್ತಿಗೆ ಮೂರು ಲಕ್ಷ ಹೆಕ್ಟೇರಿಗೂ ಮೀರಿ ಮಿಶ್ರ ಬಾರ್ಲಿ. ಬೂದಿ ರೋಗ ತೀವ್ರವಾಗಿದ್ದ ಹೊಲಗಳ ಪ್ರಮಾಣ ಶೇ. 50ರಿಂದ ಶೇ. 10ಕ್ಕೆ ಇಳಿಯಿತು. ಎರಡು ಜರ್ಮನಿ ಒಂದಾದ ಮೇಲೆ ಅದು ನಿಂತುಹೋಯಿತು. ಮಾಲ್ಟ್ ಕೊಳ್ಳುವವರಿಗೆ ಒಂದೇ ತಳಿಯ ಕಾಳು ಬೇಕಿತ್ತು. ಬೆರೆಸಿದ ಕಾಳು ಸಮನಾಗಿ ಮೊಳೆಯುವುದಿಲ್ಲ ಎಂಬ ಅವರ ವಾದದಲ್ಲಿ ಸ್ವಲ್ಪ ನಿಜವಿದೆ, ಹೆಚ್ಚು ಸೋಮಾರಿತನವಿದೆ. ನನ್ನ ತೀರ್ಪು ಇದು. ಮಾಲ್ಟ್ ಉದ್ಯಮದಲ್ಲಿರುವ ಗೆಳೆಯರು ಒಪ್ಪುವುದಿಲ್ಲ.

ಅದೇನೇ ಇರಲಿ, ಕಾಳಿನ ಗುಣ ಕೆಡಿಸುವ ನಿರೋಧಕತೆಯನ್ನು ಯಾರೂ ಕೊಳ್ಳುವುದಿಲ್ಲ. ಜೀನ್ ಸಿಕ್ಕ ಮೊದಲ ವರ್ಷದಿಂದಲೇ ಕಾಳನ್ನು ಮಾಲ್ಟ್ ಪರೀಕ್ಷೆಗೂ ಕಳುಹಿಸಿ.

10. ಒಂದನ್ನೇ ಬಿಡುಗಡೆ ಮಾಡಬೇಡಿ

ಅಮೆರಿಕದ ಎಲೆ ಚುಕ್ಕೆಯ ಕಥೆಯನ್ನು ಕೊನೆಗೆ ಇಟ್ಟುಕೊಂಡಿದ್ದೆ. ಎನ್‌ಡಿಬಿ-112 ಎಂಬ ಉತ್ತರ ಡಕೋಟಾದ ಸಾಲಿನ ನಿರೋಧಕತೆ 1960ರ ದಶಕದಿಂದ ಅಲ್ಲಿನ ಆರು ಸಾಲಿನ ಮಾಲ್ಟ್ ಬಾರ್ಲಿಗಳಲ್ಲಿ ಹರಿದು ಬಂದಿದೆ, ಅರ್ಧ ಶತಮಾನ ನಿಂತಿದೆ. ಅದರ ಎಲೆ ಚುಕ್ಕೆಯಿಲ್ಲದ ಎಲೆಯಲ್ಲ. ಸಣ್ಣ ಕಂದು ಚುಕ್ಕೆಗಳಿರುತ್ತವೆ, ಅವು ದೊಡ್ಡದಾಗುವುದಿಲ್ಲ, ಅಷ್ಟೇ. ಕ್ರೋಮೋಸೋಮುಗಳ ಹಲವು ಜಾಗಗಳು ಸೇರಿ ಅದನ್ನು ಮಾಡುತ್ತವೆ.

ನಮ್ಮಲ್ಲಿ ಕರ್ನಾಲ್‌ನ ಗೋಧಿ ಮತ್ತು ಬಾರ್ಲಿ ಸಂಶೋಧನಾ ಸಂಸ್ಥೆಯ ನೇತೃತ್ವದಲ್ಲಿ ಇನಿಷಿಯಲ್, ನ್ಯಾಷನಲ್, ಎಲೀಟ್ ಎಂಬ ಮೂರು ಮೆಟ್ಟಿಲಿನ ರೋಗ ಪರೀಕ್ಷಾ ತಾಕುಗಳಿವೆ. ಹಲವು ರಾಜ್ಯಗಳಲ್ಲಿ ವರ್ಷ ವರ್ಷವೂ ನಡೆಯುತ್ತವೆ. ನಿಮ್ಮ ಸಾಲು ಮೂರೂ ಮೆಟ್ಟಿಲು ಹತ್ತಲಿ. ಹತ್ತಿದ ಮೇಲೆ ಒಂದೇ ಜೀನ್ ಇರುವ ತಳಿಯಾಗಿ ರೈತನ ಕೈಗೆ ಹೋಗದಿರಲಿ. ಸಸಿಯಲ್ಲಿ ತಡೆಯುವ ಒಂದಾದರೂ, ದೊಡ್ಡ ಗಿಡದಲ್ಲಿ ನಿಧಾನ ಮಾಡುವ ಒಂದೆರಡಾದರೂ ಒಟ್ಟಿಗಿರಲಿ. ಮಾರ್ಕರ್‌ಗಳಿಂದ ಇವತ್ತು ಇದು ಸಾಧ್ಯ. ಹಿಂದಿನವರಿಗೆ ಸಾಧ್ಯವಿರಲಿಲ್ಲ, ಅದಕ್ಕೇ ಅವರು ಒಂದೊಂದನ್ನೇ ಕಳೆದುಕೊಂಡರು.

ಗೋಧಿ, ಭತ್ತಕ್ಕೆ ಹೋಲಿಸಿದರೆ ಬಾರ್ಲಿಯ ರೋಗದ ಮೇಲೆ ಕೆಲಸ ಮಾಡುವವರು ಈ ದೇಶದಲ್ಲಿ ಬೆರಳೆಣಿಕೆಯಷ್ಟು. ಧಾರವಾಡ, ರಾಯಚೂರು, ಬೆಂಗಳೂರಿನ ಜಿಕೆವಿಕೆಯಲ್ಲಿ ರೋಗಶಾಸ್ತ್ರ ಓದುತ್ತಿರುವವರು ಒಂದು ಚಳಿಗಾಲವಾದರೂ ಉತ್ತರದ ತಾಕಿಗೆ ಬನ್ನಿ. ಬರುವಾಗ ದಪ್ಪ ಸ್ವೆಟರ್ ತನ್ನಿ, ಮತ್ತು ನಿಮ್ಮದೇ ಹೊಲದ ಪುಸ್ತಕ.